ಹೊಸ ಮಾಲೀಕರು ಬಂದರೆ ಕಪ್ ಬರುತ್ತದೆಯೇ?

ಮ್ಯಾಂಚೆಸ್ಟರ್ ಯುನೈಟೆಡ್ ಇರಲಿ, ಚೆಲ್ಸಿ ಇರಲಿ, ನಮ್ಮ ಬೆಂಗಳೂರು ಎಫ್‌ಸಿಯೇ ಇರಲಿ, ಮಾಲೀಕರ ಸುದ್ದಿ ಬಂದ ದಿನ ಶಿವಮೊಗ್ಗದ ಟೀ ಅಂಗಡಿಗಳಲ್ಲೂ ಭದ್ರಾವತಿಯ ನ್ಯೂಟೌನ್‌ನಲ್ಲೂ ಫುಟ್‌ಬಾಲ್ ಅಭಿಮಾನಿಗಳು ಎರಡು ಪಾಲಾಗುತ್ತಾರೆ. ‘ಈ ಸಲ ದುಡ್ಡು ಸುರೀತಾರೆ, ಕಪ್ ನಮ್ದೇ’ ಅನ್ನುವವರು ಕೆಲವರು. ‘ಇವ್ರೂ ಅಷ್ಟೇ, ಬಿಡೋ ಮಾರಾಯ’ ಅನ್ನುವವರು ಇನ್ನು ಕೆಲವರು. ಆಟದ ಮೇಲಿನ ಪ್ರೀತಿ ಇಬ್ಬರಿಗೂ ಅಷ್ಟೇ ಇದೆ. ಆದರೆ ಮಾಲೀಕರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ನಡೆದ ಸಂಗತಿಗಳ ಆಧಾರದ ಮೇಲೆ ನೋಡಿದರೆ ಇಬ್ಬರ ಮಾತೂ ಪೂರ್ತಿ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ 1: ದುಡ್ಡಿದ್ದರೆ ಮರುವರ್ಷವೇ ಕಪ್

ಸತ್ಯ: 2022ರ ಮೇ ತಿಂಗಳಲ್ಲಿ ಚೆಲ್ಸಿ ಕ್ಲಬ್ ಅಮೆರಿಕದ ಹೂಡಿಕೆದಾರರ ಪಾಲಾಯಿತು. ಮೊದಲ ಸೀಸನ್‌ನಲ್ಲೇ ಆಟಗಾರರ ಖರೀದಿಗೆ 50 ಕೋಟಿ ಪೌಂಡ್‌ಗೂ ಹೆಚ್ಚು ಖರ್ಚಾಯಿತು. ಅದೇ ಸೀಸನ್‌ನಲ್ಲಿ ಇಬ್ಬರು ಕೋಚ್‌ಗಳನ್ನು ಮನೆಗೆ ಕಳಿಸಿದರು. ಪ್ರೀಮಿಯರ್ ಲೀಗ್‌ನಲ್ಲಿ ಸಿಕ್ಕಿದ್ದು 12ನೇ ಸ್ಥಾನ. ಇವರ ಕಾಲದಲ್ಲಿ ದೊಡ್ಡ ಕಪ್‌ಗಳು ಬಂದಿದ್ದು ಮೂರು ವರ್ಷದ ನಂತರ, 2025ರಲ್ಲಿ: ಮೊದಲು ಕಾನ್ಫರೆನ್ಸ್ ಲೀಗ್, ಆಮೇಲೆ ಕ್ಲಬ್ ವಿಶ್ವಕಪ್.

ಮ್ಯಾಂಚೆಸ್ಟರ್ ಸಿಟಿಯನ್ನು ಅಬುಧಾಬಿಯವರು ಕೊಂಡಿದ್ದು 2008ರಲ್ಲಿ. ಮೊದಲ ಕಪ್ 2011ರಲ್ಲಿ, ಲೀಗ್ ಗೆದ್ದಿದ್ದು 2012ರಲ್ಲಿ. ನ್ಯೂಕ್ಯಾಸಲ್ 2021ರ ಅಕ್ಟೋಬರ್‌ನಲ್ಲಿ ಸೌದಿ ಹೂಡಿಕೆ ನಿಧಿಯ ಕೈಗೆ ಬಂತು; ಮೊದಲ ಕಪ್ ಎತ್ತಿದ್ದು 2025ರ ಮಾರ್ಚ್‌ನಲ್ಲಿ. ಜಗತ್ತಿನ ಅತಿ ಶ್ರೀಮಂತ ಮಾಲೀಕರಿಗೇ ಮೂರು, ಮೂರೂವರೆ ವರ್ಷ ಬೇಕಾಯಿತು. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಫಸಲಿಗೆ ಕಾಯುವ ಜಿಲ್ಲೆ ನಮ್ಮದು. ಈ ಲೆಕ್ಕ ನಮಗೆ ಅರ್ಥವಾಗದ್ದೇನಲ್ಲ.

ತಪ್ಪು ಕಲ್ಪನೆ 2: ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಗೆದ್ದಿತಲ್ಲ, ಬೇರೆಯವರಿಗೇನು ಕಷ್ಟ?

ಸತ್ಯ: ಗೆದ್ದಿದ್ದು ನಿಜ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯೂ ಸಮೂಹ 2013ರಲ್ಲಿ ಕಟ್ಟಿದ ಈ ಕ್ಲಬ್, 2013–14ರ ಮೊದಲ ಸೀಸನ್‌ನಲ್ಲೇ ಐ-ಲೀಗ್ ಚಾಂಪಿಯನ್ ಆಯಿತು. 2015–16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋಯಿತು. ಆದರೆ ಇದು ದುಡ್ಡಿನಿಂದ ಮಾತ್ರ ಆದದ್ದಲ್ಲ. ಕೋಚ್ ಆ್ಯಶ್ಲೆ ವೆಸ್ಟ್‌ವುಡ್ ಅವರಿಗೆ ಮೂರು ಸೀಸನ್ ಕೊಟ್ಟರು. ಸುನಿಲ್ ಚೆಟ್ರಿಯವರನ್ನು ಮೊದಲ ದಿನದಿಂದ ತಂಡದ ನಡುಗಂಬವಾಗಿ ಇಟ್ಟುಕೊಂಡರು. ಊಟ, ವಿಶ್ರಾಂತಿ, ದೈಹಿಕ ಸಿದ್ಧತೆ ಎಲ್ಲಕ್ಕೂ ಶಿಸ್ತು ತಂದರು.

2019ರ ಮಾರ್ಚ್ 17ರ ರಾತ್ರಿಯನ್ನು ಇಲ್ಲಿನ ಅಭಿಮಾನಿಗಳು ಮರೆತಿರಲಿಕ್ಕಿಲ್ಲ. ಮುಂಬೈನಲ್ಲಿ ಎಫ್‌ಸಿ ಗೋವಾ ವಿರುದ್ಧ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದು, ಎಲ್ಲರೂ ಪೆನಾಲ್ಟಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ಡಿಫೆಂಡರ್ ರಾಹುಲ್ ಭೇಕೆ ತಲೆಕೊಟ್ಟರು. ಆ ಒಂದೇ ಗೋಲು ಕಪ್ ತಂದಿತು. ಅದರ ಹಿಂದಿನ ವರ್ಷ ಕಂಠೀರವ ಕ್ರೀಡಾಂಗಣದಲ್ಲೇ ಚೆನ್ನೈಯಿನ್ ವಿರುದ್ಧ ಫೈನಲ್ ಸೋತಿದ್ದ ತಂಡವದು.

ಅದೇ ಮಾಲೀಕರ ಅದೇ ಕ್ಲಬ್ 2020–21ರ ಐಎಸ್‌ಎಲ್‌ನಲ್ಲಿ 7ನೇ ಸ್ಥಾನಕ್ಕೆ ಇಳಿಯಿತು. 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದಿತು. 2023–24ರ ಐಎಸ್‌ಎಲ್‌ನಲ್ಲಿ 10ನೇ ಸ್ಥಾನ, ಮರುವರ್ಷ ಮತ್ತೆ ಫೈನಲ್. ಮಾಲೀಕರು ಬದಲಾಗದೆಯೇ ಇಷ್ಟು ಏರಿಳಿತ. ಹೀಗಿರುವಾಗ ಗೆಲುವು ಸೋಲು ಎರಡನ್ನೂ ಮಾಲೀಕರೊಬ್ಬರ ತಲೆಗೇ ಕಟ್ಟುವುದು ಸರಿಯಲ್ಲ.

ತಪ್ಪು ಕಲ್ಪನೆ 3: ಮಾಲೀಕರು ಮನಸ್ಸು ಮಾಡಿದರೆ ಯಾರನ್ನು ಬೇಕಾದರೂ ಕೊಳ್ಳಬಹುದು

ಸತ್ಯ: ಆ ಕಾಲ ಹೋಯಿತು. ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷಕ್ಕೆ ಗರಿಷ್ಠ 10.5 ಕೋಟಿ ಪೌಂಡ್ ನಷ್ಟ ಎಂಬ ಮಿತಿ ಇಟ್ಟಿದ್ದರು. ಅದನ್ನು ಮೀರಿದ್ದಕ್ಕೆ 2023–24ರಲ್ಲಿ ಎವರ್ಟನ್ ಅಂಕ ಕಳೆದುಕೊಂಡಿತು. ಅದೇ ಸೀಸನ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೂ ನಾಲ್ಕು ಅಂಕ ಕಡಿತವಾಯಿತು. ಐಎಸ್‌ಎಲ್‌ನಲ್ಲೂ ಆಟಗಾರರ ಸಂಬಳಕ್ಕೆ ಮಿತಿ ಹಾಕಿದ್ದರು. ಆಡುವ ಹನ್ನೊಂದು ಮಂದಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ವಿದೇಶಿಯರು ಇರುವಂತಿರಲಿಲ್ಲ. ಉಳಿದ ಏಳು ಮಂದಿ ನಮ್ಮ ದೇಶದವರೇ ಆಗಬೇಕಿತ್ತು. ಒಳ್ಳೆಯ ಭಾರತೀಯ ಆಟಗಾರರು ಚೆಕ್ ಬರೆದ ಕೂಡಲೇ ಹುಟ್ಟಿಬರುವುದಿಲ್ಲ. ಹತ್ತು–ಹನ್ನೆರಡನೇ ವಯಸ್ಸಿನಿಂದ ಅವರನ್ನು ಬೆಳೆಸಬೇಕು. ಆದ್ದರಿಂದ ಹೊಸ ಮಾಲೀಕರು ಯಾವ ಸ್ಟಾರ್ ತರುತ್ತಾರೆ ಎನ್ನುವುದಕ್ಕಿಂತ ಕಿರಿಯರ ತಂಡಗಳಿಗೆ ಏನು ಮಾಡುತ್ತಾರೆ ಎನ್ನುವುದೇ ಮುಖ್ಯ.

ತಪ್ಪು ಕಲ್ಪನೆ 4: ವ್ಯಾಪಾರದಲ್ಲಿ ಗೆದ್ದವರು ಫುಟ್‌ಬಾಲ್‌ನಲ್ಲೂ ಗೆಲ್ಲುತ್ತಾರೆ

ಸತ್ಯ: ಇದಕ್ಕೆ ಭಾರತದವರದ್ದೇ ಉದಾಹರಣೆ ಇದೆ. ಕೋಳಿ ಉದ್ಯಮದಲ್ಲಿ ದೊಡ್ಡ ಹೆಸರಾದ ಪುಣೆಯ ವೆಂಕೀಸ್ 2010ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ ಕೊಂಡಿತು. 1995ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಿದ್ದ ಕ್ಲಬ್ ಅದು. ಹೊಸಬರು ಬಂದು ಒಂದು ತಿಂಗಳು ಕಳೆಯುವಷ್ಟರಲ್ಲಿ ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದರು. ಆಗ ತಂಡ ಪಟ್ಟಿಯ ನಡುಭಾಗದಲ್ಲಿತ್ತು, ಅಪಾಯದಲ್ಲೇನೂ ಇರಲಿಲ್ಲ. 2012ರ ಮೇ 7ರಂದು ವಿಗನ್ ಎದುರು ಉಳಿವಿಗಾಗಿ ಆಡುತ್ತಿದ್ದಾಗ, ಸಿಟ್ಟಿಗೆದ್ದವರು ಕ್ಲಬ್‌ನ ಬಾವುಟ ಹೊದಿಸಿದ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟರು. ಆ ಪಂದ್ಯ ಸೋತ ಬ್ಲ್ಯಾಕ್‌ಬರ್ನ್ ಕೆಳಗಿನ ಲೀಗ್‌ಗೆ ಇಳಿಯಿತು. 2017ರಲ್ಲಿ ಮೂರನೇ ಹಂತಕ್ಕೂ ಜಾರಿ, ಮರುವರ್ಷ ಮೇಲೆ ಬಂತು. ಮಾಲೀಕರು ವರ್ಷ ವರ್ಷ ಹಣ ಹಾಕುತ್ತಲೇ ಇದ್ದರು. ಕೊರತೆ ಇದ್ದದ್ದು ಆಟ ಬಲ್ಲವರಿಗೆ ಕೆಲಸ ಮಾಡಲು ಬಿಡುವುದರಲ್ಲಿ.

ತಪ್ಪು ಕಲ್ಪನೆ 5: ಗೆದ್ದ ಕ್ಲಬ್ ಮುಚ್ಚುವುದಿಲ್ಲ

ಸತ್ಯ: ಮುಚ್ಚುತ್ತದೆ. 1996–97ರ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದ ಪಂಜಾಬಿನ ಜೆಸಿಟಿ ತಂಡವನ್ನು ಅದರ ಕಂಪನಿ 2011ರಲ್ಲಿ ನಿಲ್ಲಿಸಿತು. ಅದಕ್ಕೂ ಒಂದು ವರ್ಷ ಮುಂಚೆ ಮಹೀಂದ್ರ ಯುನೈಟೆಡ್ ಹೋಗಿತ್ತು. 2021–22ರಲ್ಲಿ ಐಎಸ್‌ಎಲ್ ಕಪ್ ಎತ್ತಿದ ಹೈದರಾಬಾದ್ ಎಫ್‌ಸಿ, ಎರಡೇ ವರ್ಷದಲ್ಲಿ ಸಂಬಳ ಕೊಡಲಾಗದೆ ಪಟ್ಟಿಯ ತಳ ಸೇರಿತು. 2025ರಲ್ಲಿ ಐಎಸ್‌ಎಲ್‌ನ ಭವಿಷ್ಯವೇ ಅನಿಶ್ಚಿತವಾದಾಗ, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಕೂಡ ತನ್ನ ಮುಖ್ಯ ತಂಡದ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು.

ಭದ್ರಾವತಿಯವರಿಗೆ ಈ ಮಾತು ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ ಮೈಸೂರು ಸಂಸ್ಥಾನದ ಕೈಯಿಂದ ರಾಜ್ಯಕ್ಕೆ, ಅಲ್ಲಿಂದ ಕೇಂದ್ರಕ್ಕೆ ಬಂದು, 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೇಲ್‌ನೊಳಗೆ ವಿಲೀನವಾಯಿತು. 2019ರಲ್ಲಿ ವಿಐಎಸ್‌ಎಲ್ ಎಂಬ ಹೆಸರಿನ ಈ ಕಾರ್ಖಾನೆಯ ಮಾರಾಟಕ್ಕೆ ಕರೆ ಬಂದಾಗ ‘ಖಾಸಗಿಯವರು ಬಂದರೆ ಎಲ್ಲ ಸರಿಹೋಗುತ್ತೆ’ ಎಂದವರಿದ್ದರು; ‘ಬಂದರೆ ಎಲ್ಲ ಮುಗೀತು’ ಎಂದವರೂ ಇದ್ದರು. ಕೊನೆಗೆ ಕೊಳ್ಳುವವರೇ ಸಿಗದೆ 2022ರ ಅಕ್ಟೋಬರ್‌ನಲ್ಲಿ ಆ ಪ್ರಕ್ರಿಯೆ ನಿಂತಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಅದನ್ನು ತಡೆಯಲು ಕಾರ್ಮಿಕರು ಬೀದಿಗಿಳಿಯಬೇಕಾಯಿತು. ಮಾಲೀಕರ ಒಂದು ತೀರ್ಮಾನದ ಮೇಲೆ ಇಡೀ ಊರು ನಿಂತಿದ್ದರೆ ಏನಾಗುತ್ತದೆ ಎಂಬುದು ನ್ಯೂಟೌನ್‌ನ ಮನೆಮನೆಗೂ ಗೊತ್ತು. ಕ್ಲಬ್ ಎದುರು ಅಭಿಮಾನಿಯ ಸ್ಥಿತಿಯೂ ಅದೇ.

ತಪ್ಪು ಕಲ್ಪನೆ 6: ಅಭಿಮಾನಿ ಬರೀ ನೋಡುವವನು, ಅವನ ಮಾತು ನಡೆಯುವುದಿಲ್ಲ

ಸತ್ಯ: 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ದೊಡ್ಡ ಕ್ಲಬ್‌ಗಳು ಸೇರಿ ತಮ್ಮದೇ ಪ್ರತ್ಯೇಕ ಸೂಪರ್ ಲೀಗ್ ಪ್ರಕಟಿಸಿದವು. ಅದನ್ನು ವಿರೋಧಿಸಿ ಅಭಿಮಾನಿಗಳು ಕ್ರೀಡಾಂಗಣಗಳ ಮುಂದೆ ಜಮಾಯಿಸಿದರು. ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ಜರ್ಮನಿಯಲ್ಲಿ ಕೆಲವು ಅಪವಾದ ಬಿಟ್ಟರೆ, ಕ್ಲಬ್‌ನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಮಾಲೀಕರನ್ನು ಪ್ರಶ್ನಿಸುವುದು ಕ್ಲಬ್‌ಗೆ ಮಾಡುವ ದ್ರೋಹವಲ್ಲ.

ತಪ್ಪು ಕಲ್ಪನೆ 7: ಶಿವಮೊಗ್ಗಕ್ಕೂ ಒಬ್ಬ ಶ್ರೀಮಂತರು ಬಂದರೆ ಸಾಕು

ಸತ್ಯ: ಕ್ರಿಕೆಟ್‌ನ ಮಹಾರಾಜ ಟ್ರೋಫಿಯಲ್ಲಿ ಶಿವಮೊಗ್ಗದ ಹೆಸರು ಹೊತ್ತ ತಂಡ ಆಡುತ್ತದೆ. ಆದರೆ ಆ ಪಂದ್ಯಗಳನ್ನು ನೋಡಲು ನಾವು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಯಿತು. ಜರ್ಸಿ ಮೇಲೆ ಊರಿನ ಹೆಸರು ಬರೆದ ಮಾತ್ರಕ್ಕೆ ಊರಿನಲ್ಲಿ ಆಟ ಬೆಳೆಯುವುದಿಲ್ಲ. ಫುಟ್‌ಬಾಲ್‌ನಲ್ಲಂತೂ ಹೊಸ ಕ್ಲಬ್ ಸಾಮಾನ್ಯವಾಗಿ ರಾಜ್ಯ ಮಟ್ಟದ ಲೀಗ್, ಆಮೇಲೆ ರಾಷ್ಟ್ರಮಟ್ಟದ ಕೆಳಹಂತದ ಲೀಗ್‌ಗಳು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಆಟಗಾರರು ಪಳಗುವುದೂ ಆ ಕೆಳಗಿನ ಮೆಟ್ಟಿಲುಗಳಲ್ಲೇ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ, ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಮೊದಲು ಗೆದ್ದಿದ್ದು 1968–69ರಲ್ಲಿ, ಮೈಸೂರು ಎಂಬ ಹೆಸರಿನಲ್ಲಿ. 2023ರ ಗೆಲುವು ತಂದವರು ಐಎಸ್‌ಎಲ್ ತಾರೆಯರಲ್ಲ, ಹೆಚ್ಚಿನವರು ರಾಜ್ಯದ ಲೀಗ್‌ನಲ್ಲಿ ಪಳಗಿದ ಹುಡುಗರು.

ಹಾಗಾದರೆ ಏನನ್ನು ನಿರೀಕ್ಷಿಸಬೇಕು?

ಮೊದಲ ವರ್ಷ ಕಪ್ ಕೇಳಬೇಡಿ. ಸಂಬಳ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ ಎಂದು ಕೇಳಿ. ನಾಲ್ಕು ಪಂದ್ಯ ಸೋತ ಕೂಡಲೇ ಕೋಚ್ ಬದಲಾಗುತ್ತಿದ್ದಾರೆಯೇ ಎಂದು ಗಮನಿಸಿ. 13, 15, 17 ವರ್ಷದೊಳಗಿನ ತಂಡಗಳಿಗೆ ಮೈದಾನ, ಕೋಚ್, ಪಂದ್ಯಗಳು ಇವೆಯೇ ನೋಡಿ. ಮೂರನೇ ವರ್ಷಕ್ಕೆ ತಂಡದ ಆಟಕ್ಕೆ ಒಂದು ರೀತಿ ಬಂದಿರಬೇಕು. ಅಷ್ಟು ಹೊತ್ತಿಗೂ ಅದು ಕಾಣದಿದ್ದರೆ ಜೋರಾಗಿಯೇ ಕೇಳಿ, ಆ ಹಕ್ಕು ನಮಗಿದೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಈ ಮಾಲೀಕರು ನಾಳೆ ಹೊರಟುಹೋದರೆ ಕ್ಲಬ್‌ಗೆ ಏನು ಉಳಿಯುತ್ತದೆ? ಮೈದಾನ, ಕಿರಿಯರ ತಂಡ, ಸಾಲವಿಲ್ಲದ ಲೆಕ್ಕಪುಸ್ತಕ ಉಳಿಯುವುದಾದರೆ ಅವರು ಒಳ್ಳೆಯ ಮಾಲೀಕರು, ಕಪ್ ತಡವಾದರೂ ಚಿಂತೆಯಿಲ್ಲ. ಅವು ಉಳಿಯದಿದ್ದರೆ, ಗೆದ್ದ ಕಪ್ಪೂ ಆ ಕ್ಲಬ್ಬನ್ನು ಕಾಪಾಡುವುದಿಲ್ಲ.