ಮಾತ್ರೆಯ ವೇಳೆ ಮತ್ತು ಮೊಬೈಲಿನೊಳಗಿನ ಸಂದೇಶಗಳು

ಮುಂಬಯಿಯ ಜೀವನವು ಗಡಿಯಾರದ ಮುಳ್ಳನ್ನು ಅನುಸರಿಸಿ ನಡೆಯುವಂಥದು. ಬೆಳಿಗ್ಗೆ ಡೊಂಬಿವಲಿಯಲ್ಲಿಯೋ ವಿರಾರದಲ್ಲಿಯೋ ಲೋಕಲ್ ಹಿಡಿದವರು ಮನೆ ಸೇರುವಾಗ ರಾತ್ರಿಯಾಗಿರುತ್ತದೆ. ಈ ಧಾವಂತದಲ್ಲಿ ಮಧುಮೇಹ, ರಕ್ತದೊತ್ತಡಗಳ ಮಾತ್ರೆ ಮರೆತುಹೋಗುವುದು ಸಹಜ. ಅದಕ್ಕೆಂದೇ ಅನೇಕರು ಮೊಬೈಲಿನಲ್ಲಿ ನೆನಪಿಸುವ ಆ್ಯಪನ್ನು ಇಟ್ಟುಕೊಂಡಿರುತ್ತಾರೆ. ಆದರೆ ಅದೂ ಒಮ್ಮೊಮ್ಮೆ ಮೌನ ತಾಳುವುದುಂಟು. ಇದಕ್ಕೆ ಕಾರಣವೇನು?

ಆ್ಯಪ್ ಎಂಬುದು ಶರೀರದಂತೆ ಹಲವು ಅಂಗಗಳ ಕೂಟ. ಕಣ್ಣಿಗೆ ಕಾಣುವ ಪರದೆ ಒಂದು ಅಂಗ. ತೆರೆಮರೆಯಲ್ಲಿ ದುಡಿಯುವುದು ಇನ್ನೊಂದು. ಪ್ರಕಟಣೆಗಳಿಗೆ ಕಿವಿಗೊಡುವುದು ಮತ್ತೊಂದು. ಆಂಡ್ರಾಯ್ಡ್ ಫೋನಿನಲ್ಲಿ ಇವು 'ಇಂಟೆಂಟ್' ಎಂಬ ಸಂದೇಶವನ್ನು ಫೋನಿನ ಮೂಲ ವ್ಯವಸ್ಥೆಯ ಕೈಗೊಪ್ಪಿಸುತ್ತವೆ. ತಲುಪಿಸುವ ಹೊಣೆ ಅದರದು.

1890ರಿಂದ ನಡೆದುಬಂದಿರುವ ಡಬ್ಬಾವಾಲಾಗಳ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ಡಬ್ಬಿಯ ಮೇಲಿನ ಗುರುತು ನಿಲ್ದಾಣ, ಕಟ್ಟಡ, ಮಹಡಿಗಳನ್ನು ಸೂಚಿಸುತ್ತದೆ. ಒಳಗಿನ ಅಡಿಗೆ ಯಾವುದೆಂದು ಹೊರುವವನು ತಿಳಿಯಬೇಕಾಗಿಲ್ಲ. ವಿಳಾಸವುಳ್ಳ ಇಂಟೆಂಟ್ ಇಂಥದೇ. ವಿಳಾಸವಿಲ್ಲದೆ, 'ಈ ಕೆಲಸ ಬಲ್ಲವರು ಮಾಡಲಿ' ಎನ್ನುವ ಸಂದೇಶಗಳೂ ಇವೆ. ವೈದ್ಯರ ಸಂಖ್ಯೆಯನ್ನು ಒತ್ತಿದೊಡನೆ ಫೋನು ಮಾಡುವ ಆ್ಯಪ್ ತೆರೆದುಕೊಳ್ಳುವುದು ಹೀಗೆ. ಮೂರನೆಯದು ಸಾರ್ವತ್ರಿಕ ಪ್ರಕಟಣೆ. ದಾದರ್ ನಿಲ್ದಾಣದ ಘೋಷಣೆ ಎಲ್ಲರ ಕಿವಿಗೂ ಬೀಳುತ್ತದೆ. ಆ ಗಾಡಿಗೆ ಕಾದವರು ಮಾತ್ರ ಮುಂದಾಗುತ್ತಾರೆ.

ರಾತ್ರಿ 9 ಗಂಟೆಗೆ ಮಾತ್ರೆಯೆಂದು ಗೊತ್ತುಪಡಿಸಿದಾಗ, ಆ್ಯಪ್ ಆ ವೇಳೆಯನ್ನು ವ್ಯವಸ್ಥೆಯಲ್ಲಿ ನೋಂದಾಯಿಸಿ ತಾನು ನಿದ್ರಿಸುತ್ತದೆ. ವೇಳೆಯಾದೊಡನೆ ವ್ಯವಸ್ಥೆ ಸಂದೇಶ ಕಳುಹಿಸಿ ಅದನ್ನು ಎಬ್ಬಿಸುತ್ತದೆ. ಈ ಸರಪಳಿ ನಾಲ್ಕೆಡೆ ಕಡಿಯಬಹುದು. ಫೋನನ್ನು ಆರಿಸಿ ಹೊತ್ತಿಸಿದರೆ ನೋಂದಣಿಗಳೆಲ್ಲ ಅಳಿಸಿಹೋಗುತ್ತವೆ. 'ಫೋನು ಎದ್ದಿದೆ' ಎಂಬ ಪ್ರಕಟಣೆಯನ್ನು ಕೇಳಿ ಆ್ಯಪ್ ಮರುನೋಂದಣಿ ಮಾಡಬೇಕು. ಸೆಟ್ಟಿಂಗ್ಸಿನಲ್ಲಿ 'ಫೋರ್ಸ್ ಸ್ಟಾಪ್' ಒತ್ತಿದರೆ, ಪುನಃ ತೆರೆಯುವವರೆಗೆ ಆ್ಯಪಿಗೆ ಯಾವ ಪ್ರಕಟಣೆಯೂ ತಲುಪದು. 2015ರ ಆಂಡ್ರಾಯ್ಡ್ 6ರಿಂದ, ಬ್ಯಾಟರಿ ಉಳಿಸಲೆಂದು, ನಿಶ್ಚಲವಾಗಿ ಬಿದ್ದಿರುವ ಫೋನಿನಲ್ಲಿ ಸಾಮಾನ್ಯ ಸಂದೇಶಗಳು ತಡವಾಗುತ್ತವೆ. 2022ರ ಆಂಡ್ರಾಯ್ಡ್ 13ರಿಂದ, ಬಳಸುವವರ ಅನುಮತಿಯಿಲ್ಲದೆ ಹೊಸ ಆ್ಯಪ್ ಸೂಚನೆಯನ್ನು ತೋರಿಸಲಾರದು.

ಆದುದರಿಂದ ಆ್ಯಪಿಗೆ ಸೂಚನೆಯ ಅನುಮತಿ ನೀಡಬೇಕು. ಬ್ಯಾಟರಿ ಉಳಿತಾಯದ ನಿರ್ಬಂಧದಿಂದ ಅದನ್ನು ಹೊರಗಿಡಬೇಕು. ಫೋನನ್ನು ಆರಿಸಿ ಹೊತ್ತಿಸಿದ ಬಳಿಕ ಒಮ್ಮೆ ತೆರೆದು ನೋಡಬೇಕು. ಅರ್ಧ ಗಂಟೆಯ ಮುಂದಿನ ವೇಳೆಯನ್ನು ಕೊಟ್ಟು, ಪರದೆ ಆರಿಸಿ ಫೋನನ್ನು ಮೇಜಿನ ಮೇಲಿಟ್ಟು ಪರೀಕ್ಷಿಸುವುದು ಒಳಿತು. ಮಾತ್ರೆ ತಪ್ಪಿದಲ್ಲಿ ಮುಂದಿನ ವೇಳೆಗೆ ಎರಡನ್ನು ಒಟ್ಟಿಗೆ ನುಂಗದೆ ವೈದ್ಯರನ್ನು ಕೇಳಬೇಕು. ವಾರದ ಏಳು ದಿನಗಳಿಗೆ ಏಳು ಮನೆಗಳಿರುವ ಮಾತ್ರೆ ಡಬ್ಬಿಯೊಂದು ಹಾಸಿಗೆಯ ಬಳಿ ಇರಲಿ. ಒಂಟಿಯಾಗಿರುವ ಹಿರಿಯರಿಗೆ ರಾತ್ರಿ ಮಕ್ಕಳಿಂದ ಒಂದು ಕರೆಯೂ ಬರಲಿ. ಸಂದೇಶ ತಲುಪಿತೇ ಎಂಬುದು ಅವರ ಉತ್ತರದಿಂದಲೇ ತಿಳಿಯುತ್ತದೆ.