ಲಿನಕ್ಸ್ ಮಿಂಟ್: ತಪ್ಪು ಕಲ್ಪನೆ ಮತ್ತು ಸತ್ಯ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ನಿಯತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಾಗ, ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯಿಲ್ಲದ ಕಂಪ್ಯೂಟರುಗಳಿಗೆ ಇನ್ನು ಗುಜರಿಯೇ ಗತಿ ಎಂಬ ಭಾವನೆ ಹಲವರಲ್ಲಿ ಬಲವಾಯಿತು. ಇದು ಸರಿಯಲ್ಲ. ಲಿನಕ್ಸ್ ಎಂಬ ತಿರುಳಿನ ಸುತ್ತ ಕಿಟಕಿ, ಮೆನು, ಬ್ರೌಸರ್, ಕಚೇರಿ ತಂತ್ರಾಂಶಗಳನ್ನೆಲ್ಲ ಜೋಡಿಸಿ ಉಚಿತವಾಗಿ ಕೊಡುವ ವಿತರಣೆಗಳಲ್ಲಿ ಒಂದಾದ, 2006ರಲ್ಲಿ ಕ್ಲೆಮೆಂಟ್ ಲೆಫೆಬ್ರ್ ಆರಂಭಿಸಿದ ಲಿನಕ್ಸ್ ಮಿಂಟ್‌ನ 22ನೇ ಆವೃತ್ತಿಗೆ ಟಿಪಿಎಂ 2.0 ಬೇಕಿಲ್ಲ, 4 ಜಿಬಿ ರ‍್ಯಾಮ್ ಇದ್ದರೆ ಸಾಕು. ಅದಕ್ಕೆ 2029ರವರೆಗೆ ಭದ್ರತಾ ಪರಿಷ್ಕರಣೆಗಳೂ ದೊರೆಯುತ್ತವೆ.

ಲಿನಕ್ಸ್ ಬಳಸಲು ಆಜ್ಞೆಗಳನ್ನು ಬಾಯಿಪಾಠ ಮಾಡಬೇಕೆಂಬ ನಂಬಿಕೆ ಹಳೆಯದು. ಸಿನಮನ್ ಎಂಬ ಮಿಂಟ್‌ನ ಪರದೆ ವಿನ್ಯಾಸದಲ್ಲಿ ಮೆನು ಎಡ ಮೂಲೆಯಲ್ಲಿ, ಗಡಿಯಾರ ಬಲ ಮೂಲೆಯಲ್ಲಿ ಇದ್ದು, ತಂತ್ರಾಂಶ ಅಳವಡಿಕೆಯೂ ಪರಿಷ್ಕರಣೆಯೂ ಮೌಸ್‌ನಿಂದಲೇ ನಡೆಯುತ್ತವೆ.

ಹೊಸ ವ್ಯವಸ್ಥೆ ಹಾಕಿದೊಡನೆ ಕಡತಗಳೆಲ್ಲ ಅಳಿಸಿಹೋಗುತ್ತವೆ ಎಂಬ ಭಯ ಅರ್ಧ ಸತ್ಯ. ಮಿಂಟ್ ತುಂಬಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರನ್ನು ಆರಂಭಿಸಿದರೆ, ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ ಇಡೀ ಪರದೆ ತೆರೆದುಕೊಳ್ಳುತ್ತದೆ. ವೈಫೈ, ಧ್ವನಿ, ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ನೋಡಿ ನಿರ್ಧರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅಳವಡಿಸುವಾಗ ಮಾತ್ರ, ವಿಂಡೋಸ್ ಜೊತೆಗೆ ಇಡುವ ಆಯ್ಕೆಯನ್ನು ಬಿಟ್ಟು ಡಿಸ್ಕ್ ಅಳಿಸುವ ಆಯ್ಕೆಯನ್ನು ಒತ್ತಿದರೆ ನಿಜಕ್ಕೂ ಎಲ್ಲವೂ ಹೋಗುತ್ತದೆ. ಯಾವ ಆಯ್ಕೆಯಾದರೂ ಮೊದಲು ಕಡತಗಳ ಪ್ರತಿ ತೆಗೆದಿಡುವುದು ಅಗತ್ಯ.

ಕನ್ನಡಿಗರನ್ನು ಹೆಚ್ಚು ಹಿಂಜರಿಯುವಂತೆ ಮಾಡಿರುವುದು, ಮತ್ತು ಸರಿಪಡಿಸಲು ಅತ್ಯಂತ ಅರ್ಹವಾದದ್ದು, ವಿಂಡೋಸ್‌ನಲ್ಲಿ ಕನ್ನಡ ಟೈಪಿಸಲು ಬಳಸುವ ‘ನುಡಿ’ ತಂತ್ರಾಂಶ ಇಲ್ಲದೆ ಕನ್ನಡ ಟೈಪಿಸಲಾಗದು ಎಂಬ ಕಲ್ಪನೆ. ಕೆ. ಪಿ. ರಾವ್ ವಿನ್ಯಾಸದಿಂದ ಬೆಳೆದ, ನುಡಿ ಬಳಸುವ ಕೀಲಿ ಜೋಡಣೆಯೇ ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಲ್ಲಿದೆ. ಅದನ್ನು ಆರಿಸಿ ಕೆ, ಎನ್, ಎಫ್, ಎನ್, ಡಬ್ಲ್ಯು ಕೀಲಿಗಳನ್ನು ಒತ್ತಿದರೆ ‘ಕನ್ನಡ’ ಎಂದೇ ಮೂಡುತ್ತದೆ, ಅದೂ ಯುನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತದಲ್ಲಿ. ಹಳೆಯ ನುಡಿ ಫಾಂಟ್‌ಗಳಲ್ಲಿ ಉಳಿಸಿದ ಕಡತಗಳು ಚಿತ್ರವಿಚಿತ್ರ ಅಕ್ಷರಗಳಾಗಿ ಕಂಡರೆ ಅದು ಲಿನಕ್ಸ್‌ನ ದೋಷವಲ್ಲ. ಆ ಫಾಂಟ್ ಇಲ್ಲದ ವಿಂಡೋಸ್‌ನಲ್ಲೂ ಅವು ಹಾಗೆಯೇ ಕಾಣುತ್ತವೆ. ಅವುಗಳನ್ನು ಒಮ್ಮೆ ಯುನಿಕೋಡ್‌ಗೆ ಪರಿವರ್ತಿಸಿಕೊಂಡರೆ ಎಲ್ಲಿಯೂ ಓದಬಹುದು.

ಇದಕ್ಕೆ ವಿರುದ್ಧವಾದ ಅತಿನಂಬಿಕೆಯೂ ಇದೆ: ವಿಂಡೋಸ್‌ನದೆಲ್ಲವೂ ಮಿಂಟ್‌ನಲ್ಲಿ ಓಡುತ್ತದೆ ಎಂಬುದು. ಟ್ಯಾಲಿ, ಫೋಟೋಶಾಪ್‌ಗಳಿಗೆ ಲಿನಕ್ಸ್ ಆವೃತ್ತಿ ಇಲ್ಲ. ವೈನ್ ಎಂಬ ಹೊಂದಾಣಿಕೆ ಪದರ ಕೆಲವು ವಿಂಡೋಸ್ ತಂತ್ರಾಂಶಗಳನ್ನು ನಡೆಸಿದರೂ ಎಲ್ಲವನ್ನೂ ನಡೆಸದು. ಟ್ಯಾಲಿ, ಫೋಟೋಶಾಪ್‌ನಂಥವುಗಳಿಂದಲೇ ಜೀವನ ಸಾಗಿಸುವವರು ವಿಂಡೋಸನ್ನು ಉಳಿಸಿಕೊಂಡು, ಮಿಂಟನ್ನು ಅದರ ಜೊತೆಗೆ ಹಾಕಿಕೊಳ್ಳುವುದೇ ಸೂಕ್ತ.