ಮಳೆಯಲ್ಲಿ ಕಾರು ಜಾರಿದರೆ ಗಾಬರಿ ಬೇಡ

ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೂಡಿಗೆರೆ ಕಡೆಯಿಂದ ಧರ್ಮಸ್ಥಳಕ್ಕೆ ಹೊರಟಿದ್ದೀರಿ ಅಂದುಕೊಳ್ಳಿ. ಸ್ಟೀರಿಂಗ್ ನಿಮ್ಮ ಕೈಯಲ್ಲೇ ಇದೆ. ಚಾರ್ಮಾಡಿ ಘಾಟಿಯ ಇಳಿಜಾರು, ಜಿಟಿಜಿಟಿ ಮಳೆ. ಒಂದು ತಿರುವಿನಲ್ಲಿ ಕಾರು ನೀವು ತಿರುಗಿಸಿದ ಕಡೆ ಹೋಗದೆ ನೇರವಾಗಿ ರಸ್ತೆಯಂಚಿನತ್ತ ಸರಿಯುತ್ತದೆ. ಎದೆ ಧಸಕ್ಕೆನ್ನುತ್ತೆ. ಆಗ ಏನು ಮಾಡ್ತೀರಿ?

ನಮ್ಮಲ್ಲಿ ಬಹಳ ಮಂದಿ ಆಕ್ಸಿಲರೇಟರ್‌ನಿಂದ ಕಾಲು ಕಿತ್ತು, ಬ್ರೇಕ್ ಒತ್ತಿ, ಸ್ಟೀರಿಂಗ್ ಇನ್ನಷ್ಟು ತಿರುಗಿಸಿಬಿಡ್ತೀವಿ. ಗಂಡಸರೂ ಇದಕ್ಕೆ ಹೊರತಲ್ಲ ಬಿಡಿ! ಆದರೆ ಆ ಕ್ಷಣದಲ್ಲಿ ಈ ಮೂರೂ ತಪ್ಪೇ. ಯಾಕೆ ಅಂತ ಸ್ವಲ್ಪ ನೋಡೋಣ.

ಹಿರಿಸೊಸೆಯಂಥ ಮುಂದಿನ ಚಕ್ರ

1983ರಲ್ಲಿ ಬಂದ ಮಾರುತಿ 800ರಿಂದ ಹಿಡಿದು ನಮ್ಮ ಮನೆಗಳ ಬಹುತೇಕ ಪುಟ್ಟ ಕಾರುಗಳು ಫ್ರಂಟ್ ವ್ಹೀಲ್ ಡ್ರೈವ್. ಅಂದರೆ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು ಮಾತ್ರ. ಕಾರನ್ನು ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಭಾರ ಹೊರುವುದು ಎಲ್ಲವೂ ಅವಕ್ಕೇ. ಮನೆಯ ಹಿರಿಸೊಸೆಯ ಪಾಡು! ಹಿಂದಿನ ಚಕ್ರಗಳು ಸುಮ್ಮನೆ ಹಿಂಬಾಲಿಸುತ್ತವೆ.

ಒಂದೊಂದು ಟೈರ್ ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಅಂಗೈಯಗಲ ಮಾತ್ರ. ಆ ಹಿಡಿತಕ್ಕೂ ಒಂದು ಮಿತಿ ಇದೆ. ತಿರುವಿನಲ್ಲಿ ವೇಗ ಹೆಚ್ಚಾದರೆ ಮುಂದಿನ ಚಕ್ರಗಳು ಸೋತು ನೇರ ಜಾರುತ್ತವೆ. ಇದಕ್ಕೆ ಅಂಡರ್‌ಸ್ಟೀರ್ ಅಂತ ಹೆಸರು. ಸ್ಟೀರಿಂಗ್ ಇನ್ನಷ್ಟು ತಿರುಗಿಸಿದರೆ, ಮೊದಲೇ ಸೋತವರ ಮೇಲೆ ಮತ್ತೊಂದು ಮೂಟೆ ಹೊರಿಸಿದ ಹಾಗೆ.

ಹಿಂಬದಿ ಬೀಸುವುದು ಯಾವಾಗ?

ಬಸ್ಸಿನಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಕಾರಿನ ಭಾರವೂ ಹಾಗೇ. ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲು ಕಿತ್ತರೆ ಅಥವಾ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರಗಳು ಹಗುರಾಗುತ್ತವೆ, ಹಿಡಿತ ಕಳೆದುಕೊಳ್ಳುತ್ತವೆ. ಕಾರಿನ ಹಿಂಬದಿ ಹೊರಕ್ಕೆ ಬೀಸುತ್ತದೆ. ಇದೇ ಓವರ್‌ಸ್ಟೀರ್. ಇಳಿಜಾರಿನಲ್ಲಿ ಭಾರ ಮೊದಲೇ ಮುಂದಿರುವುದರಿಂದ ಅಪಾಯ ಇನ್ನೂ ಜಾಸ್ತಿ.

ಆಗ ಹೀಗೆ ಮಾಡಿ

* ಮುಂಭಾಗ ನೇರ ಜಾರುತ್ತಿದ್ದರೆ ಆಕ್ಸಿಲರೇಟರ್ ಮೆಲ್ಲಗೆ ಸಡಿಲಿಸಿ. ಸ್ಟೀರಿಂಗ್ ಸ್ವಲ್ಪ ಹಿಂದಕ್ಕೆ ಬಿಡಿ. ಚಕ್ರ ಹಿಡಿತ ಕಂಡುಕೊಂಡ ಮೇಲೆ ಮತ್ತೆ ತಿರುಗಿಸಿ.

* ಹಿಂಬದಿ ಎಡಕ್ಕೆ ಬೀಸಿದರೆ ಸ್ಟೀರಿಂಗ್ ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ ತಿರುಗಿಸಿ. ಬ್ರೇಕ್ ಮುಟ್ಟಬೇಡಿ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಇರಲಿ. ಮುಂದಿನ ಚಕ್ರಗಳೇ ಕಾರನ್ನು ಎಳೆದು ನೇರ ಮಾಡುತ್ತವೆ. ಕಾರು ನೇರವಾಗುತ್ತಲೇ ಸ್ಟೀರಿಂಗನ್ನೂ ನೇರ ಮಾಡಿ, ತಡವಾದರೆ ಹಿಂಬದಿ ಇನ್ನೊಂದು ಪಕ್ಕಕ್ಕೆ ಬೀಸುತ್ತದೆ.

* ಹಳ್ಳ ನೋಡಬೇಡಿ, ಹೋಗಬೇಕಾದ ದಾರಿ ನೋಡಿ. ಕಣ್ಣು ಹೋದ ಕಡೆಗೇ ಕೈಯೂ ಹೋಗುತ್ತದೆ.

* ನೇರ ರಸ್ತೆಯಲ್ಲಿ ಎದುರಿಗೆ ಏನಾದರೂ ಅಡ್ಡ ಬಂದರೆ ಮಾತು ಬೇರೆ. ಕಾರಿನಲ್ಲಿ ಎಬಿಎಸ್ ಇದ್ದರೆ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಿರಿ. ಪೆಡಲ್ ನಡುಗಿದರೆ ಹೆದರಿ ಕಾಲು ತೆಗೆಯಬೇಡಿ.

ಇಷ್ಟೆಲ್ಲ ಆ ಗಳಿಗೆಯಲ್ಲಿ ನೆನಪಾಗುತ್ತಾ ಅಂತ ಕೇಳ್ತೀರಾ? ಕಷ್ಟವೇ. ಅದಕ್ಕೇ ಜಾಣತನ ಇರುವುದು ತಿರುವಿಗೆ ಮೊದಲು. ಬ್ರೇಕ್, ಗೇರ್ ಬದಲಾವಣೆ ಎಲ್ಲ ನೇರ ರಸ್ತೆಯಲ್ಲೇ ಮುಗಿಸಿ, ತಿರುವಿನೊಳಗೆ ಒಂದೇ ಸಮನಾಗಿ ಸಾಗಿ. ಅದೇ ತಿರುವನ್ನು 40ರ ಬದಲು 60 ಕಿ.ಮೀ. ವೇಗದಲ್ಲಿ ತಿರುಗಿದರೆ ಟೈರಿಗೆ ಬೇಕಾಗುವ ಹಿಡಿತ ಎರಡು ಪಟ್ಟಿಗೂ ಹೆಚ್ಚು. ಮೊದಲ ಮಳೆಯ ದಿನವಂತೂ ರಸ್ತೆಯ ಎಣ್ಣೆ, ಧೂಳು ಸೇರಿ ಸೋಪು ಸವರಿದ ಬಚ್ಚಲಿನಂತಾಗಿರುತ್ತದೆ. ಹುಷಾರು.

ಹೊಸ ಟೈರ್ ಹಿಂದಕ್ಕೆ

ಎರಡೇ ಟೈರ್ ಬದಲಿಸುವಾಗ ಹೊಸದನ್ನು ಎಲ್ಲಿ ಹಾಕಿಸ್ತೀರಿ? 'ಎಳೆಯೋದು ಮುಂದಿನ ಚಕ್ರ ಅಲ್ವಾ, ಮುಂದಕ್ಕೇ ಹಾಕಿ' ಅಂತ ನಾನೂ ಹೇಳಿದ್ದೆ. ಆಮೇಲೊಂದು ಮಳೆಯ ಸಂಜೆ, ಮೇಲ್ಸೇತುವೆ ಇಳಿಯುವ ತಿರುವಿನಲ್ಲಿ ಕಾರಿನ ಹಿಂಬದಿ ಬೀಸಿ ಕಾರು ಅರ್ಧ ಸುತ್ತು ತಿರುಗಿತು. ಹಿಂದೆ ಮಗಳಿದ್ದಳು. ಎದುರಿಗೆ ವಾಹನ ಇರಲಿಲ್ಲ, ಬದುಕಿಕೊಂಡೆವು. ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್ ತಿಳಿಸುತ್ತದೆ, ವೇಗ ತಗ್ಗಿಸಿದರೆ ಸುಧಾರಿಸುತ್ತದೆ. ಹಿಂದಿನದು ಜಾರಿದರೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಅದಕ್ಕೇ ಹೆಚ್ಚು ಗೀರಿರುವ ಟೈರ್ ಯಾವಾಗಲೂ ಹಿಂದಿರಲಿ. ಟೈರಿನ ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದರೆ ಅದನ್ನು ಬದಲಿಸಲೇಬೇಕು. ಗೀರಿನೊಳಗಿನ ಸಣ್ಣ ಉಬ್ಬು ಟೈರಿನ ಮೇಲ್ಮೈಗೆ ಸಮವಾಗಿದ್ದರೆ ಆ ಹೊತ್ತು ಬಂತೆಂದೇ ಅರ್ಥ. ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸಿ.

ಮಗ ಡ್ರಿಫ್ಟ್ ಮಾಡ್ತೀನಿ ಅಂದರೆ

ವಿಡಿಯೊ ನೋಡಿ ಹ್ಯಾಂಡ್‌ಬ್ರೇಕ್ ಎಳೆದು ಕಾರು ತಿರುಗಿಸುವ ಹುಚ್ಚು ಕಾಲೇಜು ಹುಡುಗರಿಗೆ ಇದ್ದದ್ದೇ. ಫ್ರಂಟ್ ವ್ಹೀಲ್ ಡ್ರೈವ್ ಕಾರಿನ ಹಿಂಬದಿ ಎಂಜಿನ್ ಬಲದಿಂದ ಬೀಸುವುದಿಲ್ಲ. ಅದಕ್ಕೇ ಈ ಹ್ಯಾಂಡ್‌ಬ್ರೇಕ್ ಆಟ. ರ‍್ಯಾಲಿ ಚಾಲಕರು ಬಲಗಾಲನ್ನು ಆಕ್ಸಿಲರೇಟರ್ ಮೇಲೇ ಇಟ್ಟು ಎಡಗಾಲಿನಿಂದ ಬ್ರೇಕ್ ತಟ್ಟಿಯೂ ಹಿಂಬದಿ ಬೀಸುವಂತೆ ಮಾಡುತ್ತಾರೆ. ಇದು ಗಂಡಸರ ವಿದ್ಯೆ ಅಂದುಕೊಳ್ಳಬೇಡಿ ಮತ್ತೆ. 1962ರಲ್ಲಿ ನೆದರ್‌ಲೆಂಡ್ಸ್‌ನ ಟ್ಯುಲಿಪ್ ರ‍್ಯಾಲಿಯನ್ನು ಪುಟ್ಟ ಫ್ರಂಟ್ ವ್ಹೀಲ್ ಡ್ರೈವ್ ಕಾರು ಮಿನಿ ಕೂಪರ್‌ನಲ್ಲಿ ಗೆದ್ದವರು ಬ್ರಿಟನ್ನಿನ ಪ್ಯಾಟ್ ಮಾಸ್. ಪಕ್ಕದ ಸೀಟಿನಲ್ಲಿ ದಾರಿ ಹೇಳುತ್ತಿದ್ದವರೂ ಹೆಣ್ಣುಮಗಳೇ, ಆ್ಯನ್ ವಿಸ್ಡಮ್. ಆದರೆ ಅದು ಪಳಗಿದವರ ಸ್ಪರ್ಧೆ. ನಮ್ಮ ಬಡಾವಣೆಯ ರಸ್ತೆಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಅಲ್ಲಿ ಈ ಆಟ ಅಪರಾಧ. ಮಗನಿಗೆ ಕೀ ಕೊಡುವ ಮುನ್ನ ಈ ಮಾತು ಹೇಳಿಬಿಡಿ. ತೀರಾ ಆಸೆಯಿದ್ದರೆ ತರಬೇತುದಾರರ ಎದುರು, ಮುಚ್ಚಿದ ಟ್ರ್ಯಾಕ್‌ನಲ್ಲಿ ಕಲಿಯಲಿ.

ನಾಳೆ ಬೆಳಿಗ್ಗೆ ಹಾಲು ಉಕ್ಕುವ ಮೊದಲು ಐದು ನಿಮಿಷ ಬಿಡುವು ಮಾಡಿಕೊಂಡು ಹಿಂದಿನ ಎರಡು ಟೈರ್‌ಗಳನ್ನು ಬಗ್ಗಿ ನೋಡಿ ಬನ್ನಿ. ಮಳೆಯಲ್ಲಿ ಮಕ್ಕಳನ್ನು ಕಾಯುವುದು ಅವೇ!